ಫೋನಮ್ಮನ ಕುರ್ಚಿ

ಅವತ್ತು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಸಾಹೇಬರು ತಮ್ಮದೇ ಆಫೀಸಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಲಿಫ್ಟು ಎಂದ ಮೇಲೆ ಒಮ್ಮೊಮ್ಮೆ ನಿಲ್ಲುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಊರಿನ ನೂರಾರು ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿಯ ಯಜಮಾನರೇ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನೇತಾಡುತ್ತ ನಿಂತರೆ ಯಾರಿಗೆ ತಾನೇ ನಗು ಬರುವುದಿಲ್ಲ? ಸಾಹೇಬರು ಮಾತ್ರ ಗಾಬರಿಯಾಗಲಿಲ್ಲ. ತಮ್ಮ ಕಂಪನಿಯೇ ಗೋಡೆಗೆ ಕೂರಿಸಿದ್ದ ಕೆಂಪು ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, "ನಾನು ಸಿಕ್ಕಿಹಾಕ್ಕೊಂಡಿದೀನಿ, ಬೇಗ ಬನ್ನಿ" ಎಂದರು.

ಆ ಗುಂಡಿ ಒತ್ತಿ ಏನು ಹೇಳಿದರೂ ಅದು ರೆಕಾರ್ಡಾಗಿ, ಐದನೇ ಮಹಡಿಯ ಆಫೀಸಿನಲ್ಲಿದ್ದ ಟಿಫಿನ್ ಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆಗೆ ಬರುತ್ತಿತ್ತು. ಊರಿನ ಎಲ್ಲ ಲಿಫ್ಟುಗಳ ಗೋಳೂ ಅದಕ್ಕೇ. ಪೆಟ್ಟಿಗೆಯೊಳಗೊಂದು ಪುಟ್ಟ ಆಪರೇಟಿಂಗ್ ಸಿಸ್ಟಮ್. ಅದರ ಕೆಲಸ ಒಂದೇ, ಬಂದ ಮಾತನ್ನು ನೆಟ್‌ವರ್ಕಿನಲ್ಲಿ ಫೋನಮ್ಮನ ಮೇಜಿನ ಸ್ಪೀಕರಿಗೆ ದಾಟಿಸುವುದು. ಫೋನಮ್ಮ ಕೇಳಿಸಿಕೊಂಡು, ದೂರು ಕೊಟ್ಟವರಿಗೆ ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದರು.

ಸಾಹೇಬರು ಆರು ನಿಮಿಷ ಕಾದರು. ಯಾರೂ ಬರಲಿಲ್ಲ. ಆಮೇಲೆ ಮರ್ಯಾದೆ ಬಿಟ್ಟು ಬಾಗಿಲು ಬಡಿದರು. ವಾಚ್‌ಮನ್ ತಾತ ಉದ್ದನೆಯ ಕೀಲಿ ತಂದು ಅವರನ್ನು ಇಳಿಸಿದ. ಸಾಹೇಬರು ಮೆಟ್ಟಿಲು ಹತ್ತಿ ಮೇಲೆ ಬಂದು, ಕಾಫಿ ತರಿಸಿ, ಪತ್ರಿಕೆ ಬಿಡಿಸಿ ಕೂತು ಎಲ್ಲ ಮರೆತೂಬಿಟ್ಟರು. ಹತ್ತೂ ಕಾಲಿಗೆ ಫೋನಮ್ಮ ಏದುಸಿರು ಬಿಡುತ್ತ ಅವರ ಕೋಣೆಗೆ ನುಗ್ಗಿದರು.

"ಸಾರ್! ನೀವು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದೀರಂತೆ ಸಾರ್!"

ಸಾಹೇಬರು ಕಾಫಿ ಲೋಟ ಕೆಳಗಿಟ್ಟರು. "ಯಾರು ಹೇಳಿದ್ದು?"

"ನೀವೇ ಸಾರ್. ಈಗ ತಾನೇ."

ಪೆಟ್ಟಿಗೆ ನೋಡಿಕೊಳ್ಳುವ ಎಂಜಿನಿಯರನಿಗೆ ಕರೆ ಹೋಯಿತು.

ಅವನನ್ನು ಆಫೀಸಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮೆಲ್ಲಣ್ಣ ಎಂದು. ನಡೆಯುವುದು ಮೆಲ್ಲಗೆ, ಮಾತು ಅದಕ್ಕಿಂತ ಮೆಲ್ಲಗೆ. ಪೆಟ್ಟಿಗೆ, ಪ್ರೋಗ್ರಾಮು ಎಂದರೆ ಅವನಿಗೆ ಪ್ರಾಣ. ಫೋನು ಎಂದರೆ ಪ್ರಾಣಸಂಕಟ. ಫೋನನ್ನು ಕಿವಿಗಿಟ್ಟುಕೊಂಡರೆ ಸಾಕು, ಗಂಟಲು ಕಟ್ಟಿ ದನಿ ಕೀರಲಾಗಿ ಬೇರೆ ಯಾರದೋ ಆಗಿಬಿಡುತ್ತಿತ್ತು. ಒಮ್ಮೆ ಹೆತ್ತ ತಾಯಿಗೆ ಫೋನ್ ಮಾಡಿದಾಗ ಆಕೆ, "ರಾಂಗ್ ನಂಬರ್ ಕಣಮ್ಮಾ" ಎಂದು ಇಟ್ಟುಬಿಟ್ಟಿದ್ದರು. ಅಂದಿನಿಂದ ಅವನು ಕಟ್ಟಿಕೊಂಡ ಹೆಂಡತಿಗೂ ಫೋನ್ ಮಾಡಿದವನಲ್ಲ. ಏನಿದ್ದರೂ ಮೆಸೇಜು. ನಲ್ಲಿ ರಿಪೇರಿಯವನಿಗೆ, ಗ್ಯಾಸಿನವನಿಗೆ, ಮಗಳ ಶಾಲೆಗೆ ಮಾತಾಡುವುದೆಲ್ಲ ಹೆಂಡತಿಯೇ.

ಆ ಹೆಂಡತಿ ಅವತ್ತು ಬೆಳಿಗ್ಗೆ ಹಾಲು ತಂದವಳೇ ಬಾಗಿಲಲ್ಲಿ ನಿಂತು ರೇಗಿದ್ದಳು. "ರೀ, ನಿಮ್ಮ ಕಂಪನಿ ಲಿಫ್ಟು ಇವತ್ತೂ ಐದು ಒತ್ತಿದ್ರೆ ಮೂರಕ್ಕೇ ಇಳಿಸ್ತು."

"ಕೆಂಪು ಗುಂಡಿ ಒತ್ತಿ ಹೇಳ್ಬೇಕಪ್ಪ. ಎಲ್ಲ ದಾಖಲಾಗುತ್ತೆ."

"ದಿನಾ ಹೇಳ್ತಾನೇ ಇದೀನಿ! ನಾಲ್ಕು ವರ್ಷದಿಂದ ಹೇಳ್ತಿದೀನಿ!"

"ಹಾಗಾದ್ರೆ ಖಂಡಿತ ಯಾರಾದ್ರೂ ಗಮನಿಸ್ತಾರೆ ಬಿಡು" ಎಂದು ಮೆಲ್ಲಣ್ಣ ಮೆಟ್ಟಿಲಿಳಿದು ಆಫೀಸಿಗೆ ಬಂದಿದ್ದ. ಅವನೇನೋ ನಂಬಿಕೆಯಿಂದಲೇ ಹೇಳಿದ್ದು, ಪಾಪ.

"ನಾನು ಕೆಳಗಿಳಿದು, ಮೇಲೆ ಬಂದು, ಕಾಫಿ ಕುಡಿದು, ಪೇಪರ್ ಓದಿ ಮುಗಿಸಿದ ಮೇಲೆ ನಾನು ಸಿಕ್ಕಿಹಾಕ್ಕೊಂಡ ಸುದ್ದಿ ಬರುತ್ತೆ" ಎಂದರು ಸಾಹೇಬರು. "ಹತ್ತು ಸೆಕೆಂಡಿನ ಮಾತು ದಾಟೋಕೆ ಒಂದು ಗಂಟೆ! ಬಸವನಹುಳದ ಬೆನ್ನಿಗೆ ಕಟ್ಟಿ ಕಳಿಸಿದ್ರೂ ಇದಕ್ಕಿಂತ ಬೇಗ ಬರ್ತಿತ್ತು ರೀ."

"ಸಾರ್, ಅದು ಮುಂಚೆ ಇದ್ದವರು ಬರೆದ ಪ್ರೋಗ್ರಾಮು..."

"ಮೂರೂವರೆಗೆ ಇಪ್ಪತ್ತು ಕಟ್ಟಡಗಳ ಯಜಮಾನಿ ಬರ್ತಾ ಇದಾರೆ. ಇಪ್ಪತ್ತೂ ಕಟ್ಟಡದ ಲಿಫ್ಟು ನಮಗೆ ಕೊಡೋದಾ ಬೇಡವಾ ಅಂತ ಇವತ್ತೇ ತೀರ್ಮಾನ ಮಾಡ್ತಾರಂತೆ. ಗುಂಡಿ ಒತ್ತಿ ಮಾತಾಡಿ, ಎಷ್ಟು ಹೊತ್ತಿಗೆ ಇಲ್ಲಿ ಕೇಳುತ್ತೆ ಅಂತ ಅವರೇ ಪರೀಕ್ಷೆ ಮಾಡ್ತಾರೆ. ಒಂದು ನಿಮಿಷ ದಾಟಬಾರದು." ಸಾಹೇಬರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ಮುಖ್ಯವಾದದ್ದು ಇನ್ನೂ ಬಾಕಿಯಿದೆ ಎಂದರ್ಥ. "ಇನ್ನೊಂದು. ಫೋನಮ್ಮನಿಗೆ ಇವತ್ತು ಕೊನೇ ದಿನ. ನಾಲ್ಕೂವರೆಗೆ ಬೀಳ್ಕೊಡುಗೆ. ಆಮೇಲೆ ಆ ಕುರ್ಚಿ ಖಾಲಿ. ಪೆಟ್ಟಿಗೆ ಸರಿಮಾಡೋಕೆ ಆಗದಿದ್ರೆ, ನೀವೇ ಆ ಕುರ್ಚೀಲಿ ಕೂತು ಪೆಟ್ಟಿಗೆ ಹೇಳೋದನ್ನ ಕೇಳಿ. ಕಷ್ಟದ ಕೆಲಸ ಏನಲ್ಲ. ದಿನಕ್ಕೆ ಎಂಟು ದೂರು, ಎಂಟು ಫೋನು."

ಅವರ ಹಿಂದೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಹಾಳೆಯಿತ್ತು: 'ಊರಿಗೆಲ್ಲ ದಿನಕ್ಕೆ ಎಂಟೇ ದೂರು!' ನಾಲ್ಕು ವರ್ಷದಿಂದ ಆ ಸಂಖ್ಯೆ ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಸಾಹೇಬರಿಗೆ ಅದರ ಬಗ್ಗೆ ಬಹಳ ಹೆಮ್ಮೆ.

ದಿನಕ್ಕೆ ಎಂಟು ಫೋನು! ಜೀವಮಾನವಿಡೀ ಮೆಲ್ಲಣ್ಣ ಮಾಡಿದ್ದು ಎಂಟು ಇರಲಾರದು.

ಪೆಟ್ಟಿಗೆಯ ಮುಂದೆ ಕೂತವನ ಸುತ್ತ ಐದು ನಿಮಿಷದಲ್ಲಿ ಜನ ನೆರೆದರು. ಯಾರಿಗೂ ತಮ್ಮ ಕೆಲಸ ನೆನಪಿರಲಿಲ್ಲ.

ಮೊದಲು ಬಾಯಿ ಹಾಕಿದ್ದು ವಾಚ್‌ಮನ್ ತಾತ. "ಆರಿಸಿ ಹಚ್ಚಪ್ಪಾ. ನಮ್ಮ ಮನೆ ಟೀವಿಗೆ ನಾನು ಹಾಗೇ ಮಾಡೋದು."

ಆರಿಸಿ ಹಚ್ಚಿದರು. ತಾತ ಲಿಫ್ಟಿಗೆ ಹೋಗಿ ಗುಂಡಿ ಒತ್ತಿ, "ಹಲೋ, ಹಲೋ, ಒಂದು, ಎರಡು" ಎಂದು ಹೇಳಿ ಬಂದ. ಎಲ್ಲರೂ ಸ್ಪೀಕರಿನತ್ತ ಕಿವಿ ಹಿಡಿದು ನಿಂತರು. ಇಲ್ಲಿ ಒಂದು ತೊಡಕಿತ್ತು, ನೋಡಿ. ಮಾತು ದಾಟಲು ಒಂದು ಗಂಟೆ ಬೇಕು ಎಂದ ಮೇಲೆ, ಮದ್ದು ನಾಟಿತೋ ಇಲ್ಲವೋ ಎಂದು ತಿಳಿಯಲೂ ಒಂದು ಗಂಟೆ ಬೇಕು. ಹನ್ನೊಂದೂವರೆಗೆ ಸ್ಪೀಕರು "ಹಲೋ, ಹಲೋ" ಎಂದಿತು. ಆ ಹೊತ್ತಿಗೆ ತಾತ ಗೇಟಿನ ಪಕ್ಕದ ಸ್ಟೂಲಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಮುಂದಿನ ಸರದಿ ವೈರಪ್ಪನದು. ಆಫೀಸಿನ ತಂತಿಗಳಿಗೆಲ್ಲ ಅವನೇ ದಿಕ್ಕು. ಲೋಕದ ಯಾವ ತೊಂದರೆಗೂ ಕಾರಣ ಕೇಬಲ್ಲೇ ಎಂಬುದು ಅವನ ಸಿದ್ಧಾಂತ. "ಕೇಬಲ್ ಹೋಗಿದೆ ಕಣ್ರೀ. ನೋಡಿದ್ರೇನೇ ಗೊತ್ತಾಗುತ್ತೆ" ಎಂದು ಮೇಜಿನ ಕೆಳಗೆ ತೂರಿಕೊಂಡ. ಹಳೇ ಕೇಬಲ್ ಕಿತ್ತು ಹೊಸದು ಹಾಕಿದ. ಮತ್ತೆ ತಾತನನ್ನು ಎಬ್ಬಿಸಿ ಲಿಫ್ಟಿಗೆ ಕಳಿಸಿದರು. ಮತ್ತೊಂದು ಗಂಟೆ ಹೋಯಿತು. ಕೇಬಲ್ ಮಾತ್ರ ಹೊಳೆಯುತ್ತಿತ್ತು.

"ಈ ಹಳದಿ ದೀಪ ಯಾಕೆ ಉರೀತಾ ಇದೆ?" ಎಂದು ಯಾರೋ ಕೇಳಿದರು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಳದಿ ದೀಪ ನಾಲ್ಕು ವರ್ಷದಿಂದ ಆರದೆ ಉರಿಯುತ್ತಿತ್ತು. ಅದರರ್ಥ ಬರೆದಿದ್ದ ಪುಸ್ತಕವನ್ನು ಮುಂಚಿನ ಎಂಜಿನಿಯರು ಹೋಗುವಾಗ ಚೀಲಕ್ಕೆ ಹಾಕಿಕೊಂಡು ಹೋಗಿದ್ದ.

"ಎಲ್ಲ ಸರಿಯಾಗಿದೆ ಅಂತ" ಎಂದ ವೈರಪ್ಪ. ಎಲ್ಲರೂ ಒಪ್ಪಿದರು.

ಪ್ರೋಗ್ರಾಮುಗಳನ್ನು ಪರೀಕ್ಷಿಸುವ ಟೆಸ್ಟಿಂಗ್ ಅಕ್ಕ ಈಗ ಕುರ್ಚಿ ಎಳೆದುಕೊಂಡು ಕೂತಳು. "ನೀವೆಲ್ಲ ಕತ್ತಲಲ್ಲಿ ತಡಕಾಡ್ತಾ ಇದೀರ. ಮಾತು ಪೆಟ್ಟಿಗೆಯೊಳಗೆ ಎಲ್ಲಿ ನಿಲ್ಲುತ್ತೆ ಅಂತ ಮೊದಲು ಗೊತ್ತಾಗಬೇಕಲ್ವಾ? ಮೆಲ್ಲಣ್ಣ, ಮಾತಿನ ಒಂದೊಂದು ತುಣುಕು ಹೋಗುವಾಗಲೂ ಪೆಟ್ಟಿಗೆ ಅದನ್ನ ಪರದೆ ಮೇಲೆ ಬರೆದು ಹೇಳೋ ಹಾಗೆ ಮಾಡು. ಬಂತು, ಎತ್ತಿಕೊಂಡೆ, ಕಳಿಸಿದೆ, ತಲುಪಿತು, ಎಲ್ಲ."

ಮೆಲ್ಲಣ್ಣ ಹಾಗೇ ಮಾಡಿದ. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಬೀಳತೊಡಗಿದವು. ನೋಡಲು ಬಹಳ ಚೆನ್ನಾಗಿತ್ತು. ಟೆಸ್ಟಿಂಗ್ ಅಕ್ಕನಿಗೆ ಖುಷಿಯಾಗಿ, "ಯಾವ ಗಂಟೆ, ಯಾವ ನಿಮಿಷ ಅನ್ನೋದನ್ನೂ ಬರೀಲಿ" ಎಂದಳು. ವೈರಪ್ಪ, "ಕೇಬಲ್ ಹೇಗಿದೆ ಅನ್ನೋದನ್ನೂ ಬರೀಲಿ" ಎಂದ. ಸಾಹೇಬರು ಇಣುಕಿ ನೋಡಿ, "ಕಂಪನಿ ಹೆಸರೂ ಬರಲಿ" ಎಂದು ಹೇಳಿ ಹೋದರು. ಆ ಪುಟ್ಟ ಪೆಟ್ಟಿಗೆಗೆ ಇದ್ದದ್ದು ಒಂದೇ ಒಂದು ಪುಟ್ಟ ಮೆದುಳು. ಕೆಲಸ ಮಾಡುವುದಕ್ಕಿಂತ ಮಾಡಿದ್ದನ್ನು ಬರೆಯುವುದೇ ಅದಕ್ಕೆ ದೊಡ್ಡ ಕೆಲಸವಾಯಿತು. ಒಂದು ಗಂಟೆಗೆ ಮುಗಿಯುತ್ತಿದ್ದ ಮಾತು ಎರಡೂವರೆ ಗಂಟೆ ಕಳೆದರೂ ಅರ್ಧ ದಾಟಿರಲಿಲ್ಲ.

"ನೋಡಿದ್ಯಾ, ಈಗ ತೊಂದರೆ ಎಷ್ಟು ಚೆನ್ನಾಗಿ ಕಾಣಿಸ್ತಾ ಇದೆ!" ಎಂದಳು ಟೆಸ್ಟಿಂಗ್ ಅಕ್ಕ.

"ಯಾವ ಪುಣ್ಯಾತ್ಮ ಬರೆದನೋ ಈ ಪ್ರೋಗ್ರಾಮನ್ನ" ಎಂದು ಮೆಲ್ಲಣ್ಣ ತಲೆ ಹಿಡಿದುಕೊಂಡ. ಅಷ್ಟು ಮೆತ್ತಗಿನ ಮನುಷ್ಯ ಅವತ್ತು ಮುಂಚಿನ ಎಂಜಿನಿಯರನ ವಂಶವನ್ನೇ ಜಾಲಾಡಿದ.

ಕಿಟಕಿಯ ಪಕ್ಕ ಫೋನಮ್ಮ ತಮ್ಮ ಪಾಡಿಗೆ ಸ್ವೆಟರ್ ಹೆಣೆಯುತ್ತಿದ್ದರು. ಒಂದು ದೂರಿಗೂ ಇನ್ನೊಂದಕ್ಕೂ ನಡುವೆ ಒಂದು ಗಂಟೆ ಬಿಡುವಿದ್ದರೆ ಇನ್ನೇನು ಮಾಡಬೇಕು? ಆಫೀಸಿನಲ್ಲಿ ಅವರು ಹೆಣೆದ ಸ್ವೆಟರ್ ಇಲ್ಲದವರೇ ಇರಲಿಲ್ಲ. ಪೆಟ್ಟಿಗೆಯ ಮೇಲೆ ಧೂಳು ಕೂರದಿರಲೆಂದು ಅದಕ್ಕೂ ಒಂದು ನೀಲಿ ಹೊದಿಕೆ ಹೆಣೆದಿದ್ದರು.

"ಯಾಕಪ್ಪಾ ಹೀಗೆ ಒದ್ದಾಡ್ತೀಯ?" ಎಂದರು ಅವರು. "ಚೆನ್ನಾಗೇ ಇದೆಯಲ್ಲ. ಅದು ನಿಧಾನಕ್ಕೆ ಹೇಳುತ್ತೆ, ನಾನು ನಿಧಾನಕ್ಕೆ ಕೇಳ್ತೀನಿ."

"ನಿಮಗೇನಮ್ಮಾ, ನಾಳೆಯಿಂದ ಮನೇಲಿರ್ತೀರ. ಕುತ್ತಿಗೆಗೆ ಬಂದಿರೋದು ನನಗೆ."

ಫೋನಮ್ಮ ಏನೋ ಹೇಳಬೇಕೆಂದು ಬಾಯಿ ತೆರೆದರು. ಆಮೇಲೆ ಯಾಕೋ ಹೆಣಿಗೆಯ ಕಣ್ಣು ಎಣಿಸತೊಡಗಿದರು.

ಮೂರೂ ಇಪ್ಪತ್ತಾಯಿತು. ವೈರಪ್ಪನಿಗೆ ಹೊಸದೊಂದು ಹೊಳೆಯಿತು. ಲಿಫ್ಟಿನ ಪಕ್ಕದ ಗೋಡೆಯಿಂದ ಒಂದು ಹಳೇ ತಂತಿ ಇಳಿದು ಬಂದಿತ್ತು. "ಇದೇ ನೋಡಿ! ಯಾವುದಕ್ಕೂ ಬೇಡದ ತಂತಿ. ಸುಮ್ಮನೆ ಅಡ್ಡ ಬಿದ್ದು ಎಲ್ಲ ನಿಧಾನ ಮಾಡ್ತಾ ಇದೆ" ಎಂದವನೇ ಎಳೆದು ಕಿತ್ತ. ಪೆಟ್ಟಿಗೆಗೆ ಏನೂ ಆಗಲಿಲ್ಲ.

ಹತ್ತು ನಿಮಿಷದ ಮೇಲೆ ತಾತ ಮೆಟ್ಟಿಲು ಹತ್ತಿ ಓಡಿ ಬಂದ. "ಸಾರ್, ಯಜಮಾನಿಯಮ್ಮ ಬಂದ್ರು. ಮೇಲೆ ಬಂದ್ರಾ?"

"ಇಲ್ಲವಲ್ಲ!"

"ಲಿಫ್ಟು ಹತ್ತಿದ್ದನ್ನ ನಾನೇ ಕಣ್ಣಾರೆ ನೋಡಿದೆ. ಗುಂಡಿ ಒತ್ತಿ ಪರೀಕ್ಷೆ ಮಾಡ್ತೀನಿ ಅಂತಾನೂ ಅಂದ್ರು. ಆಮೇಲೆ ಲಿಫ್ಟು ಮೇಲೂ ಹೋಗ್ಲಿಲ್ಲ, ಕೆಳಗೂ ಬರ್ಲಿಲ್ಲ."

ಎಲ್ಲರೂ ವೈರಪ್ಪನ ಕೈಯಲ್ಲಿದ್ದ ತಂತಿಯನ್ನು ನೋಡಿದರು. ವೈರಪ್ಪನೂ ಅದನ್ನು ಆಗ ತಾನೇ ನೋಡುತ್ತಿರುವವನಂತೆ ನೋಡಿದ.

"ಯಾವ ಮಹಡೀಲಿ ನಿಂತಿದಾರೆ?" ಎಂದು ಸಾಹೇಬರು ಕೂಗಿದರು.

"ಅದು ಪೆಟ್ಟಿಗೆಗೇ ಗೊತ್ತು ಸಾರ್. ಅವರು ಹೇಳಿರ್ತಾರಲ್ಲ." ಬಾಗಿಲು ಬಡಿಯೋಣವೆಂದರೆ ಆರು ಮಹಡಿಗೆ ಆರು ಬಾಗಿಲು, ತಾತನಿಗೆ ಕಿವಿ ಮಂದ, ಕೀಲಿಯೋ ಒಂದೇ.

"ಮೆಲ್ಲಣ್ಣಾ!" ಎಂದರು ಸಾಹೇಬರು. ಆ ಕೂಗಿನಲ್ಲಿ ಇಪ್ಪತ್ತು ಕಟ್ಟಡಗಳೂ ಫೋನಮ್ಮನ ಕುರ್ಚಿಯೂ ಒಟ್ಟಿಗೆ ಇದ್ದವು.

ಮೆಲ್ಲಣ್ಣನ ಬೆರಳು ಅವನ ಜನ್ಮದಲ್ಲೇ ಮೊದಲ ಸಲ ಬೇಗ ಓಡಿದವು. ಮೊದಲು ಟೆಸ್ಟಿಂಗ್ ಅಕ್ಕ ಬರೆಸಿದ್ದನ್ನೆಲ್ಲ ಅಳಿಸಿದ. ಕೇಬಲ್ಲಿನ ಸಾಲು ಅಳಿಸಿದ. ಕಂಪನಿ ಹೆಸರು ಅಳಿಸಿದ. ಅಷ್ಟೂ ಹೋದ ಮೇಲೆ ಅದರ ಕೆಳಗೆ ಬೆಳಗಿನಿಂದ ಕಣ್ಣಿಗೆ ಬೀಳದ ಒಂದು ಸಾಲು ಉಳಿದಿತ್ತು. ಒಂದೊಂದು ತುಣುಕು ಕಳಿಸಿದ ಮೇಲೂ ಇಷ್ಟು ಹೊತ್ತು ಸುಮ್ಮನೆ ಕಾಯಿ, ಎಂದು ಆ ಸಾಲು ಪೆಟ್ಟಿಗೆಗೆ ಹೇಳುತ್ತಿತ್ತು. ಪಕ್ಕದಲ್ಲೇ ಒಂದು ಟಿಪ್ಪಣಿ: 'ಫೋನಮ್ಮನವರಿಗಾಗಿ. ತಾತ್ಕಾಲಿಕ.' ಕೆಳಗೆ ಸಹಿ.

ಸಹಿ ಮೆಲ್ಲಣ್ಣನದೇ.

ನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ. ಫೋನಮ್ಮ ತಮ್ಮ ಡಬ್ಬಿಯ ಊಟದಲ್ಲಿ ಅರ್ಧ ಅವನಿಗೆ ಕೊಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದರು: "ಒಂದು ಮುಗಿಯೋ ಮುಂಚೆ ಇನ್ನೊಂದು ಕೂಗುತ್ತಪ್ಪಾ ಇದು. ನನ್ನ ತಲೆ ಸಿಡಿದು ಹೋಗುತ್ತೆ. ಒಂದೊಂದೇ ಬರೋ ಹಾಗೆ ಮಾಡ್ತೀಯಾ?" ಅವನಿಗೂ ಕರುಳು ಚುರುಕ್ಕೆಂದಿತ್ತು. ಒಂದೊಂದಕ್ಕೆ ಆರು ನಿಮಿಷ ಹಿಡಿಯಲಿ ಎಂದು ಲೆಕ್ಕ ಹಾಕಿ, ಒಂದು ವಾರದ ಮಟ್ಟಿಗೆ ಎಂದು ಬರೆದದ್ದು. ಅವನು ಬರೆದದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಆ ಪುಟ್ಟ ಸಿಸ್ಟಮ್ಮು ಎಣಿಸುತ್ತಿದ್ದದ್ದು ತನ್ನದೇ ಗಡಿಯಾರದ ಟಿಕ್ಕುಗಳ ಲೆಕ್ಕದಲ್ಲಿ. ಒಂದು ಟಿಕ್ ಎಂದರೆ ಅದರ ಹತ್ತರಷ್ಟು. ಆರು ನಿಮಿಷ ಒಂದು ಗಂಟೆಯಾಗಿತ್ತು, ಒಂದು ವಾರ ನಾಲ್ಕು ವರ್ಷವಾಗಿತ್ತು.

"ಏನಾದ್ರೂ ಸಿಕ್ತಾ?" ಎಂದರು ಸಾಹೇಬರು ಬೆನ್ನ ಹಿಂದಿನಿಂದ.

ಮೆಲ್ಲಣ್ಣ ತಟ್ಟನೆ ಆ ಸಾಲನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಅಳಿಸಿಬಿಟ್ಟ. "ಹೂಂ ಸಾರ್. ಮುಂಚಿನವರ ತಪ್ಪು."

ಪೆಟ್ಟಿಗೆ ಮತ್ತೆ ಶುರುವಾಯಿತು. ಸಾಹೇಬರ ಅಪ್ಪಣೆಯಂತೆ ಅದು ಯಾವಾಗಲೂ ಹೊಸ ಮಾತನ್ನೇ ಮೊದಲು ಕಳಿಸುತ್ತಿತ್ತು, ಹಳೆಯದು ಹಿಂದೆ ಕಾಯಬೇಕು. ಎರಡೇ ಸೆಕೆಂಡು. ಸ್ಪೀಕರಿನಿಂದ ಗಡುಸಾದ ಹೆಣ್ಣುದನಿ ಹೊರಟಿತು: "ಯಾರ್ರೀ ಅಲ್ಲಿ? ನಾಲ್ಕನೇ ಮಹಡಿ ದಾಟಿ ನಿಂತಿದೆ. ನಾನು ಲಿಫ್ಟು ಒಪ್ಪಿಸೋಕೆ ಬಂದೆ, ಲಿಫ್ಟಲ್ಲಿ ಸಂಸಾರ ಹೂಡೋಕೆ ಬಂದಿಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ತಾತ ಕೀಲಿ ಹಿಡಿದು ಓಡಿದ. ಯಜಮಾನಿ ಒಳಗೆ ಬಂದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. "ಮತ್ತೆ ಒತ್ತಿ ಹೇಳಿದೆ, ಬಾಯಿ ಮುಚ್ಚೋದ್ರೊಳಗೆ ಬಾಗಿಲು ತೆಗೆದ್ರಲ್ಲ! ಭೇಷ್."

"ಎಲ್ಲ ನಮ್ಮ ಮೆಲ್ಲಣ್ಣನವರ ಕೈಚಳಕ ಮೇಡಂ" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. "ಅಕ್ಕಾ, ಈ ಪ್ರೋಗ್ರಾಮಿಗೆ ಈಗಲೇ ಬೀಗ ಹಾಕಿ. ಇನ್ನು ಮೇಲೆ ಯಾರೂ ಇದನ್ನ ಮುಟ್ಟಬಾರದು." ಟೆಸ್ಟಿಂಗ್ ಅಕ್ಕ ಉತ್ಸಾಹದಿಂದ ಗುಪ್ತಪದ ಹಾಕಿ, ಅದನ್ನು ಸಾಹೇಬರ ಕಿವಿಯಲ್ಲಿ ಮಾತ್ರ ಹೇಳಿದಳು. ಕುರ್ಚಿಯ ಗಂಡಾಂತರ ಕಳೆಯಿತು ಎಂದು ಮೆಲ್ಲಣ್ಣ ಬೆಳಗಿನಿಂದ ಹಿಡಿದಿಟ್ಟ ಉಸಿರು ಬಿಟ್ಟ.

ಬೀಳ್ಕೊಡುಗೆಗೆ ಕೇಕು ಬಂತು. ಫೋನಮ್ಮ ಚಾಕು ಕೈಗೆತ್ತಿಕೊಂಡರು. ಅಷ್ಟರಲ್ಲಿ ಸ್ಪೀಕರು ಮತ್ತೆ ಮಾತಾಡಿತು.

"ಲಿಫ್ಟಿನ ಫ್ಯಾನು ತಿರುಗ್ತಾ ಇಲ್ಲ." ಅದು ಮುಗಿಯುವ ಮೊದಲೇ, "ಬಾಗಿಲಿಗೆ ನನ್ನ ಛತ್ರಿ ಸಿಕ್ಕಿಕೊಂಡಿದೆ." ಅದರ ಬೆನ್ನಿಗೇ, "ರೀ ಸ್ವಾಮಿ, ಇದು ಹದಿನಾರನೇ ಸಲ ಹೇಳ್ತಾ ಇರೋದು!"

ಸಾಹೇಬರು ನಕ್ಕರು. "ಇವತ್ತಿನದು ಅಷ್ಟೂ ಒಟ್ಟಿಗೆ ಬಂತು ಅಂತ ಕಾಣುತ್ತೆ."

ಇವತ್ತಿನದು ಮುಗಿಯಿತು. ನಿನ್ನೆಯದು ಬಂತು. ಮೊನ್ನೆಯದು ಬಂತು. ಹೋದ ತಿಂಗಳು, ಹೋದ ವರ್ಷ. ಗಂಡಸರು, ಹೆಂಗಸರು, ಅಳುವ ಮಕ್ಕಳು, ನಾಯಿ ಬೊಗಳುವ ಸದ್ದು, ಎಲ್ಲ ಒಂದರ ಮೇಲೊಂದು ಬಿದ್ದು ಒಟ್ಟೊಟ್ಟಿಗೆ. ಆಫೀಸಿನ ಎಂಟು ಗಂಟೆಯಲ್ಲಿ ಗಂಟೆಗೊಂದರಂತೆ ದಿನಕ್ಕೆ ಎಂಟೇ ದಾಟುತ್ತಿದ್ದವು. ಮಿಕ್ಕದ್ದೆಲ್ಲ ನಾಲ್ಕು ವರ್ಷದಿಂದ ಪೆಟ್ಟಿಗೆಯ ಹೊಟ್ಟೆಯಲ್ಲಿ ಸಾಲು ನಿಂತು ಕಾಯುತ್ತಿದ್ದವು. ಪರದೆಯ ಮೇಲೆ ದಾಟಿದ ದೂರುಗಳ ಸಂಖ್ಯೆ ಹನ್ನೊಂದು ಸಾವಿರದ ಆರುನೂರ ನಲವತ್ತಕ್ಕೆ ಬಂದು ನಿಂತಾಗ, ಹಳದಿ ದೀಪ ಆರಿತು.

ನಡುವೆ ಒಂದು ದನಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತ್ತು. "ಐದು ಒತ್ತಿದ್ರೆ ಮೂರಕ್ಕೆ ಇಳಿಸುತ್ತೆ. ನಮ್ಮ ಮನೆಯವರು ನಿಮ್ಮ ಕಂಪನೀಲೇ ಎಂಜಿನಿಯರು. ಅವರಿಗೆ ಹೇಳಿ ಪ್ರಯೋಜನ ಇಲ್ಲ ಅಂತ ನಿಮಗೆ ಹೇಳ್ತಾ ಇದೀನಿ."

"ಯಾರಪ್ಪಾ ಪಾಪ ಆ ಮನುಷ್ಯ!" ಎಂದ ವೈರಪ್ಪ. ಮೆಲ್ಲಣ್ಣ ಸೂರು ನೋಡುತ್ತ ನಿಂತ.

ಯಜಮಾನಿ ಗೋಡೆಯ ಮೇಲಿನ ಹಾಳೆಯನ್ನು ಒಮ್ಮೆ, ಸಾಹೇಬರನ್ನು ಒಮ್ಮೆ ನೋಡಿದರು. "ಇಷ್ಟೂ ಜನಕ್ಕೆ ಉತ್ತರ ಹೇಳೋರು ಯಾರು? ಅದನ್ನ ಹೇಳಿ. ಆಮೇಲೆ ನನ್ನ ಇಪ್ಪತ್ತು ಕಟ್ಟಡದ ಮಾತು."

ಸಾಹೇಬರು ಒಂದು ಕ್ಷಣವೂ ತಡಮಾಡಲಿಲ್ಲ. ಅವರ ಕೈ ಇನ್ನೂ ಮೆಲ್ಲಣ್ಣನ ಬೆನ್ನ ಮೇಲೇ ಇತ್ತು. "ಇವರೇ ಮೇಡಂ! ಇಷ್ಟು ಬೇಗ ತಲುಪಿಸಿದವರೇ ಅಷ್ಟೇ ಬೇಗ ಉತ್ತರಾನೂ ಹೇಳ್ತಾರೆ. ಈಗಿಂದಲೇ ಶುರು."

"ಸಾರ್, ನಾನು... ಪೆಟ್ಟಿಗೆ ಸರಿಮಾಡಿದೆನಲ್ಲ ಸಾರ್..." ಎಂಬ ಮಾತು ಎಷ್ಟು ಮೆಲ್ಲಗೆ ಬಂತೆಂದರೆ ಯಾರಿಗೂ ಕೇಳಲಿಲ್ಲ. ಅವನ ಕಣ್ಣು ಪೆಟ್ಟಿಗೆಯ ಕಡೆ ಹೊರಳಿತು. ಒಂದೇ ಒಂದು ಸಾಲು ಮತ್ತೆ ಬರೆದರೆ ಸಾಕಿತ್ತು. ಆದರೆ ಅದಕ್ಕೆ ಬೀಗ ಬಿದ್ದಿತ್ತು.

ಫೋನಮ್ಮ ಅವನನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಹೆಡ್‌ಫೋನನ್ನು ಅವನ ತಲೆಗೆ ಹಾಕಿ, ಕೂದಲು ಸರಿಮಾಡಿದರು. "ಅದಕ್ಕೇ ಕಣಪ್ಪಾ ಅವತ್ತು ನಿಧಾನ ಮಾಡು ಅಂದಿದ್ದು" ಎಂದರು ಅವನಿಗೆ ಮಾತ್ರ ಕೇಳುವಂತೆ.

"ಎಲ್ಲಿಂದ ಶುರು ಮಾಡ್ಲಿ ಅಮ್ಮಾ?"

"ಹೆಚ್ಚು ಸಲ ಹೇಳಿದವರಿಂದ. ಇಲ್ಲಿ ನೋಡು, ಈ ಹೆಂಗಸು ಒಂಬೈನೂರ ಹನ್ನೆರಡು ಸಲ ಹೇಳಿದಾಳೆ. ಪ್ರತಿ ಸಲವೂ ತನ್ನ ಫೋನ್ ನಂಬರನ್ನೂ ಹೇಳಿದಾಳೆ, ಪಾಪ. ಗೊತ್ತಾ ಇವಳು?"

ಮೆಲ್ಲಣ್ಣ ನಂಬರ್ ನೋಡಿದ. ಗ್ಯಾಸಿನವನಿಗೂ ಶಾಲೆಗೂ ಅವನು ಬರೆದು ಕೊಡುತ್ತಿದ್ದದ್ದು ಅದನ್ನೇ. "ಗೊತ್ತಿಲ್ಲ" ಎಂದ.

ಸಾಹೇಬರೂ ಯಜಮಾನಿಯೂ ಕೈಕಟ್ಟಿ ನಿಂತಿದ್ದರು. ಅವನು ನಂಬರ್ ಒತ್ತಿದ. ಎರಡು ಸಲ ರಿಂಗಾಯಿತು.

"ನ... ನಮಸ್ಕಾರ ಮೇಡಂ" ಎಂದಿತು ಅವನ ಗಂಟಲಿನಿಂದ ಬಂದ ಯಾರದೋ ಕೀರಲು ದನಿ. "ಲಿಫ್ಟ್ ಕಂಪನಿಯಿಂದ. ತಮ್ಮ ದೂರು ತಲುಪಿದೆ."

ಗುರುತು ಸಿಕ್ಕಿತೇನೋ ಎಂದು ಅವನು ಕಣ್ಣು ಮುಚ್ಚಿಕೊಂಡ.

"ಅಬ್ಬಾ! ಅಂತೂ ಕೇಳೋರು ಒಬ್ಬರು ಸಿಕ್ಕಿದ್ರಲ್ಲ!" ಎಂದಳು ಹೆಂಡತಿ. "ಅವಸರ ಏನೂ ಇಲ್ಲ ತಾನೇ? ಹಾಗಾದ್ರೆ ಸ್ವಲ್ಪ ಕೂತ್ಕೊಳ್ಳಮ್ಮಾ. ಲಿಫ್ಟಿಂದು ಆಮೇಲೆ ಹೇಳ್ತೀನಿ, ಮೊದಲು ನಮ್ಮ ಮನೆಯವರ ವಿಷಯ ಕೇಳು."